ಗುಬ್ಬಿಯ ಬಾಳಂಕಿ

ಆ ಕಾಲಕ್ಕೆ ಹುಬ್ಬಳ್ಳಿ-ಗದಗ ಸೀಮೆಯಲ್ಲಿ ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಮನೆಯ ಕಾರಿನ ಬಾಳಂಕಿ ಎಷ್ಟು ಎಂದು ಕೇಳುವ ರೂಢಿ ಬಂದುಬಿಟ್ಟಿತ್ತು. ಬಾಳಂಕಿ ಎಂದರೆ, ಒಂದು ಗಾಡಿ ಇನ್ನೆಷ್ಟು ವರ್ಷ ಕುಟುಂಬವೊಂದನ್ನು ದಾರಿಯಲ್ಲಿ ಕೈಬಿಡದೆ ಹೊತ್ತು ತಿರುಗೀತು ಎಂಬ ಲೆಕ್ಕ. ಏಳಿದ್ದರೆ ಮರ್ಯಾದೆ, ಐದಿದ್ದರೆ ನಡೆದೀತು, ಮೂರಿದ್ದರೆ ಬೀಗರು ಚಹಾ ಕುಡಿದು ಮೆಲ್ಲಗೆ ಎದ್ದುಹೋಗುತ್ತಿದ್ದರು.

ಈ ಅಂಕಿ ಆಕಾಶದಿಂದ ಉದುರಿದ್ದಲ್ಲ. ಪ್ರತಿ ಕಾರಿನ ಚಾಸಿಯೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಯಂತ್ರವನ್ನು ಕಾರ್ಖಾನೆಯಲ್ಲೇ ಕೂರಿಸುತ್ತಿದ್ದರು. ಜನ ಅದನ್ನು ಗುಂಡಿಯೆಂದೇ ಕರೆದರು. ಗಾಡಿಯ ನಡುಕ, ತುಕ್ಕು, ಮೋಟಾರಿನ ಕಾವು, ಬ್ರೇಕಿನ ಸವೆತ ಎಲ್ಲವೂ ಅದರಲ್ಲಿ ದಾಖಲಾಗುತ್ತಿದ್ದವು. ಆದರೆ ತಾವು ಎಲ್ಲೆಲ್ಲಿ ತಿರುಗುತ್ತೇವೆ ಎಂಬುದು ಸರಕಾರಕ್ಕೆ ಗೊತ್ತಾಗುವುದು ಬೇಡವೆಂದು ಜನ ಹಟ ಹಿಡಿದಿದ್ದರಿಂದ, ಗುಂಡಿಯನ್ನು ಮೂರೇ ಸಂದರ್ಭಗಳಲ್ಲಿ ಓದಬಹುದಿತ್ತು. ಗಾಡಿ ಕಂಪನಿಯ ಸರ್ವೀಸಿಗೆ ಬಂದಾಗ, ಮಾರಾಟವಾದಾಗ, ಇಲ್ಲವೆ ಕಾಗದಪತ್ರ ಬೇರೆ ಹೆಸರಿಗೆ ಹೋದಾಗ. ಹೀಗೆ ಓದಿದ ಲಕ್ಷಾಂತರ ಗುಂಡಿಗಳ ಮಾಹಿತಿ ಹುಬ್ಬಳ್ಳಿಯ ಹೊರವಲಯದ ಬಾಳಂಕಿ ಕೇಂದ್ರಕ್ಕೆ ಬರುತ್ತಿತ್ತು. ಅದನ್ನು ಅರೆದು, ಸೋಸಿ, ಪ್ರತಿ ಮಾದರಿಯ ಬಾಳಂಕಿ ತೆಗೆಯುವ ಸೂತ್ರಕ್ಕೆ ಹೂಗಾರ ಸೂತ್ರ ಎಂದು ಹೆಸರು. ಬರೆದಾಕೆ ಪ್ರಮೋದಿನಿ ಹೂಗಾರ, ಆ ಕೇಂದ್ರದ ಹಿರಿಯ ಸಂಖ್ಯಾಶಾಸ್ತ್ರಜ್ಞೆ. ಸ್ವಂತ ಹೆಸರಿನ ಸೂತ್ರ ಇರುವವರಿಗೆ ಇರಬೇಕಾದಷ್ಟು ಜಂಬ ಆಕೆಗೂ ಇತ್ತು. ಅದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಲೋಹದ ಕೊರತೆಯ ಕಾಲವದು. ಬಾಳಂಕಿ ಮೂರಕ್ಕಿಂತ ಕೆಳಗಿಳಿದ ಮಾದರಿಯನ್ನು ಸರಕಾರ ಇಡಿಯಾಗಿ ವಾಪಸು ಕರೆಸಿ ಕರಗಿಸುತ್ತಿತ್ತು. ಗಾಡಿ ಕೊಟ್ಟವರು ಹೊಸದಕ್ಕೆ ಸರದಿಯಲ್ಲಿ ನಿಲ್ಲಬೇಕು. ಸರದಿ ಆರು ವರ್ಷ ಉದ್ದವಿತ್ತು.

ಆ ವರ್ಷ ಗುಬ್ಬಿಯ ಪಾಳಿ ಬಂತು. ಗುಬ್ಬಿ ಐದು ಜನರ ಸಣ್ಣ ಬ್ಯಾಟರಿ ಕಾರು. ನೋಡಲು ಬೆಡಗಿಲ್ಲ, ಓಡಿದರೆ ಸದ್ದಿಲ್ಲ. ಹೂಗಾರ ಸೂತ್ರ ಅದಕ್ಕೆ ಕೊಟ್ಟ ಬಾಳಂಕಿ ಎರಡು ದಶಾಂಶ ಒಂದು. ಮೂರು ಲಕ್ಷ ನಲವತ್ತು ಸಾವಿರ ಗುಬ್ಬಿಗಳನ್ನು ಕರಗಿಸುವ ಆದೇಶಕ್ಕೆ ತಿಂಗಳ ಕೊನೆಯ ಶುಕ್ರವಾರ ಸಹಿ ಬೀಳುವುದಿತ್ತು.

ಸಹಿಗೆ ಇಪ್ಪತ್ತೈದು ದಿನ ಇರುವಾಗ, ಒಂದು ಸೋಮವಾರ ಬೆಳಿಗ್ಗೆ, ನಿರ್ದೇಶಕ ಮುಧೋಳ ಸಾಹೇಬರು ಪ್ರಮೋದಿನಿಯ ಮೇಜಿನ ಹತ್ತಿರ ಬಂದು ನಿಂತರು. ದನಿ ಏರಿಸಿ ಗೊತ್ತಿಲ್ಲದ, ನಿಯಮದ ಪುಸ್ತಕ ಬಿಟ್ಟು ಅತ್ತಿತ್ತ ಅಲುಗದ ಮನುಷ್ಯ.

"ಹೂಗಾರ ಬಾಯಾರ, ಆದೇಶದ ಜೋಡಿ ಒಂದು ಉದಾಹರಣೆ ಹಚ್ಚಬೇಕಂತ. ಒಂದು ಗುಬ್ಬಿ ಹುಟ್ಟಿದ್ದು, ಬೆಳದದ್ದು, ಸತ್ತದ್ದು. ನಿಮ್ಮ ಕಡೆನೂ ಮೊದಲ ಒಂದು ಗುಬ್ಬಿ ಇತ್ತಲ್ಲ? ಅದನ್ನ ಹಾಕಿಬಿಡ್ರಿ. ಸೂತ್ರ ಬರದವರದ ಗಾಡಿ ಅಂದ್ರ ಓದಾಕೂ ಛಲೋ ಇರತೈತಿ."

ಪ್ರಮೋದಿನಿ ನಗುತ್ತಲೇ ತನ್ನ ಹಳೆಯ ಗಾಡಿಯ ನಂಬರು ಒತ್ತಿದಳು. ಪರದೆಯ ಮೇಲೆ ಸಾಲು ಮೂಡಿತು. ಮಾಲೀಕರು, ಪ್ರಮೋದಿನಿ ಹೂಗಾರ. ಮಾದರಿ, ಗುಬ್ಬಿ. ಕೊನೆಯ ಓದು, ಒಂಬತ್ತು ವರ್ಷದ ಹಿಂದೆ. ಸ್ಥಿತಿ, ಮೃತ.

ನಗು ಅಲ್ಲೇ ನಿಂತಿತು. ಏಕೆಂದರೆ ಹಿಂದಿನ ದಿನವಷ್ಟೇ ಆಕೆ ಆ ಮೃತ ಗಾಡಿಯಲ್ಲಿ ಕುಳಿತು ನವಲಗುಂದಕ್ಕೆ ಬಸುರಿಯೊಬ್ಬಳ ಕುಬುಸದ ಊಟಕ್ಕೆ ಹೋಗಿಬಂದಿದ್ದಳು. ಓಡಿಸಿದವಳು ಅಣ್ಣಿಗೇರಿಯಲ್ಲಿರುವ ಅಕ್ಕ ಗಿರಿಜಾ. ಹಿಂದಿನ ಸೀಟಿನಲ್ಲಿ ಗಿರಿಜಾಳ ಅತ್ತೆ, ಇಬ್ಬರು ಮಕ್ಕಳು, ಒಂದು ಬುಟ್ಟಿ ಹೋಳಿಗೆ. ದಾರಿಯುದ್ದಕ್ಕೂ ಗಾಡಿ ಒಮ್ಮೆಯೂ ಕೆಮ್ಮಿರಲಿಲ್ಲ.

ಆಕೆಗೆ ಎಲ್ಲ ಒಟ್ಟಿಗೆ ಹೊಳೆಯಿತು. ಒಂಬತ್ತು ವರ್ಷದ ಹಿಂದೆ ಗಾಡಿಯನ್ನು ಅಕ್ಕನಿಗೆ ಕೊಡುವಾಗ ಕಾಗದ ಬದಲಿಸೋಣ ಎಂದಿದ್ದಳು. ಗಿರಿಜಾ ಸುತರಾಂ ಒಪ್ಪಿರಲಿಲ್ಲ. "ನಿನ್ನ ಕೈಗುಣ ಛಲೋ ಐತಿ. ಈ ಗಾಡಿ ಒಂದು ದಿನ ಕೈ ಕೊಟ್ಟಿಲ್ಲ. ನಿನ್ನ ಹೆಸರಲೇ ಇರಲಿ, ಬದಲಿಸಿ ಅದರ ಗುಣ ಕೆಡಿಸಬ್ಯಾಡ" ಎಂದಿದ್ದಳು. ಪ್ರಮೋದಿನಿಯೂ ಬಿಟ್ಟುಬಿಟ್ಟಿದ್ದಳು. ಆ ಸೀಮೆಯಲ್ಲಿ ಅದೇ ರೂಢಿ. ಮಾರುವುದು ರೋಗದ ಗಾಡಿಯನ್ನು. ಗುಣದ ಗಾಡಿಯನ್ನು ಅಕ್ಕನಿಗೋ ಅಳಿಯನಿಗೋ ಕೊಡುತ್ತಾರೆ, ಕೈಗುಣವಿದ್ದವರ ಹೆಸರನ್ನು ಕಾಗದದ ಮೇಲೆ ಹಾಗೇ ಉಳಿಸುತ್ತಾರೆ. ಮತ್ತೆ ಗುಬ್ಬಿ ಎಷ್ಟು ಸರಳವೆಂದರೆ ರಸ್ತೆ ಬದಿಯ ಯಾವ ಮಿಸ್ತ್ರಿಯಾದರೂ ಅದನ್ನು ಬಿಚ್ಚಿ ಜೋಡಿಸಬಲ್ಲ. ಕಂಪನಿಯ ಸರ್ವೀಸಿಗೆ ಅದು ಹೋಗುವುದೇ ಇಲ್ಲ. ಮಾರಾಟವಿಲ್ಲ, ಸರ್ವೀಸಿಲ್ಲ, ಹೆಸರಿನ ಬದಲಾವಣೆಯಿಲ್ಲ. ಹಾಗಾದರೆ ಗುಂಡಿಯನ್ನು ಓದುವವರು ಯಾರು?

ಐದು ವರ್ಷ ಓದಿಗೆ ಸಿಗದ ಗಾಡಿ ಸತ್ತಿದೆ ಎಂದು ತಿಳಿಯತಕ್ಕದ್ದು. ಇದು ಹೂಗಾರ ಸೂತ್ರದ ನಾಲ್ಕನೆಯ ಸಾಲು. ದೊಡ್ಡ ನಗರಗಳ ಮಾಹಿತಿ ಇಟ್ಟುಕೊಂಡು ಆಕೆಯೇ ಬರೆದದ್ದು. ಅಲ್ಲಿ ಅದು ಸರಿಯಾಗಿಯೇ ಇತ್ತು. ಇಲ್ಲಿ, ಆರೋಗ್ಯವಂತ ಗುಬ್ಬಿಗಳೆಲ್ಲ ಸುಮ್ಮನೆ ಓಡಾಡಿಕೊಂಡು ಲೆಕ್ಕದಲ್ಲಿ ಸತ್ತಿದ್ದವು, ಮಾರಾಟಕ್ಕೆ ಬಂದ ರೋಗಿಷ್ಟ ಗುಬ್ಬಿಗಳಷ್ಟೇ ಬದುಕಿದ್ದವು. ಎರಡು ದಶಾಂಶ ಒಂದು ಬರದೆ ಇನ್ನೇನು ಬಂದೀತು.

ಪ್ರಮೋದಿನಿಗೆ ನಾಚಿಕೆ ಅಂದರೆ ನಾಚಿಕೆ. ಊರಿಗೆಲ್ಲ ಅಂಕಿ ಹಂಚುವ ತಾನು, ತನ್ನ ಮನೆಯಲ್ಲಿ ನಡೆದದ್ದನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮನೆಗೆ ಬಂದು ಗಂಡ ವಿರೂಪಾಕ್ಷನಿಗೆ ಹೇಳಿದಳು. ಆತ ಹೈಸ್ಕೂಲಿನ ಚಿತ್ರಕಲೆ ಮಾಸ್ತರ. ಆಗಷ್ಟೇ ಬಾಳಂಕಿ ಪಟ್ಟಿಯ ಮೇಲ್ತುದಿಯಲ್ಲಿದ್ದ ಚಂದನ ಎಂಬ ಕಾರಿಗೆ ಹೆಸರು ಬರೆಸುವ ಅರ್ಜಿ ತುಂಬುತ್ತಿದ್ದ. ಅದರ ಬಾಳಂಕಿ ಏಳು ಎಂಬುದನ್ನು ಓಣಿಗೆಲ್ಲ ಸಾರಿಯೂ ಆಗಿತ್ತು.

"ಅದರಾಗೇನೈತಿ, ಮನಿ ಮನಿಗೆ ಹೋಗಿ ಕೇಳಿದ್ರಾತು. ನಿಮ್ಮ ಸತ್ತ ಗಾಡಿ ಜೀವಂತ ಐತೇನ್ರೀ ಅಂತ" ಎಂದ.

"ಯಾರು ಹೌದಂತಾರ? ಕಾಗದ ಬದಲಿಸದೆ ಗಾಡಿ ಕೊಟ್ಟರ ಗಾಡಿ ಜಪ್ತಿ. ಮ್ಯಾಲ ಆರು ವರ್ಷ ಸರದಿಯಿಂದ ಹೊರಗ. ನಾ ಕೇಂದ್ರದಾಕಿ ಅಂತ ಗೊತ್ತಾದ ಕೂಡಲೇ ಗಾಡಿ ಬಣವಿ ಒಳಗ ಹೊಕ್ಕೊಂತೈತಿ."

ಮರುದಿನ ಆಕೆ ಕುಂದಗೋಳಕ್ಕೆ ಹೋಗಿ ಪರೀಕ್ಷಿಸಿಯೂ ನೋಡಿದಳು. ಹಾಗೆಯೇ ಆಯಿತು. ಹನ್ನೊಂದು ಮನೆ ತಿರುಗಿದಳು, ಹನ್ನೊಂದರಲ್ಲೂ ಗಾಡಿ ಎಂದೋ ಗುಜರಿಗೆ ಹೋಗಿತ್ತು. ಒಂದು ಮನೆಯ ಹಿತ್ತಿಲಲ್ಲಿ ಜೋಳದ ಕಣಿಕೆಯ ಬಣವಿಯಿಂದ ಹಿಂದಿನ ದೀಪವೊಂದು ಇಣುಕುತ್ತಿತ್ತು. ಮನೆಯ ಮುದುಕಿ ಅದರ ಮುಂದೆ ಸೆರಗು ಹರಡಿ ನಿಂತು, "ನಮ್ಮ ಮನ್ಯಾಗ ಎತ್ತಿನ ಗಾಡಿನೂ ಇಲ್ಲವಾ" ಅಂದಳು.

ಕೇಳಬೇಕು, ಆದರೆ ಉತ್ತರ ಹೇಳಿದವರು ಸಿಕ್ಕಿಬೀಳಬಾರದು. ಇಂಥದ್ದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಹಳೆಯದೊಂದು ಉಪಾಯವಿದೆ. ಉತ್ತರ ಹೇಳುವ ಮೊದಲು ಪ್ರತಿಯೊಬ್ಬರೂ ಗುಟ್ಟಾಗಿ ಒಂದು ನಾಣ್ಯ ಚಿಮ್ಮುವುದು. ಒಂದು ಮಗ್ಗುಲು ಬಿದ್ದರೆ ನಿಜ ಏನೇ ಇರಲಿ ಹೌದು ಎನ್ನುವುದು. ಇನ್ನೊಂದು ಬಿದ್ದರೆ ಮಾತ್ರ ನಿಜ ಹೇಳುವುದು. ಹೌದು ಎಂದವರು ನಾಣ್ಯಕ್ಕಾಗಿ ಎಂದರೋ ನಿಜಕ್ಕಾಗಿ ಎಂದರೋ ಬ್ರಹ್ಮನಿಗೂ ತಿಳಿಯದು. ಆದರೆ ನಾಣ್ಯದಿಂದ ಎಷ್ಟು ಹೌದು ಬಂದಿರಬೇಕು ಎಂಬುದು ಒಟ್ಟಿನಲ್ಲಿ ಗೊತ್ತಿರುವುದರಿಂದ, ಅದನ್ನು ಕಳೆದರೆ ಉಳಿದದ್ದು ನಿಜ.

ನಾಣ್ಯಗಳು ಆಗ ಜನರ ಕೈಯಲ್ಲಿ ಉಳಿದಿರಲಿಲ್ಲ. ಸರಕಾರದ ಸೀಲಿನ ಬಿಲ್ಲೆ ಕೊಟ್ಟರೆ ಅದರೊಳಗೂ ಗುಂಡಿ ಇದೆಯೆಂದು ಜನ ಹೆದರುತ್ತಿದ್ದರು. ಪ್ರಮೋದಿನಿ ಅಡುಗೆಮನೆಯಿಂದ ಹುಣಸೆಬೀಜ ತಂದು ಎರಡು ಹೋಳು ಮಾಡಿದಳು. ಹೊರಗೆ ಕಪ್ಪು, ಒಳಗೆ ಬಿಳಿ. ಬಿಳಿ ಬಿದ್ದರೆ ಸುಮ್ಮನೆ ಹೌದು, ಕಪ್ಪು ಬಿದ್ದರೆ ನಿಜ. ಪಗಡೆಯಾಡಿದ ಮಂದಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ.

"ಇದು ಎರಡೂ ಕಡೆ ಸಮ ಬೀಳತೈತೇನು?" ಎಂದ ವಿರೂಪಾಕ್ಷ.

"ಇಲ್ಲ. ಅದಕ್ಕ ಎಣಸಬೇಕು. ಕುಂದ್ರು."

ಗಂಡ ಹೆಂಡತಿ ಮಧ್ಯಾಹ್ನದ ಊಟ ಮುಗಿಸಿ ನೆಲದ ಮೇಲೆ ಎದುರುಬದುರು ಕೂತು ಒಂದು ಸಾವಿರ ಸಲ ಬೀಜ ಎಸೆದರು. ಮುನ್ನೂರರ ಹೊತ್ತಿಗೆ ವಿರೂಪಾಕ್ಷನಿಗೆ ನಿದ್ದೆ ಬಂತು. ಆರುನೂರರ ಹೊತ್ತಿಗೆ, "ನಿನ್ನ ಮದುವಿ ಆಗುವಾಗ ನನಗ ಈ ಬಾಳಂಕಿ ಯಾರೂ ಹೇಳಲಿಲ್ಲ" ಎಂದು ಗೊಣಗಿದ. ಸಾವಿರಕ್ಕೆ ಬಿಳಿ ಬಿದ್ದದ್ದು ಐನೂರ ನಲವತ್ತು. ಪ್ರಮೋದಿನಿ ಅದನ್ನು ಬರೆದುಕೊಂಡು ಎದ್ದಾಗ ಇಬ್ಬರ ಮೊಣಕಾಲೂ ಹಿಡಿದುಕೊಂಡಿದ್ದವು.

ಸತ್ತ ಗುಬ್ಬಿಗಳ ಪಟ್ಟಿಯಿಂದ ಕಂಪ್ಯೂಟರು ಕಣ್ಣುಮುಚ್ಚಿ ಆರಿಸಿಕೊಟ್ಟ ನಾನೂರು ಮನೆಗಳಿಗೆ ಮುಂದಿನ ಹದಿನೆಂಟು ದಿನ ಆಕೆ ಮತ್ತು ಕೇಂದ್ರದ ನಾಲ್ವರು ಗುಮಾಸ್ತರು ತಿರುಗಿದರು. ಯಾರ ಹೆಸರೂ ಬರೆದುಕೊಳ್ಳುವುದಿಲ್ಲವೆಂದು ಪ್ರತಿ ಮನೆಯಲ್ಲೂ ಮಾತು ಕೊಟ್ಟರು. ಕುಂದಗೋಳದ ಆ ಮುದುಕಿಯ ಮನೆಯೂ ಪಟ್ಟಿಯಲ್ಲಿತ್ತು. ಮುದುಕಿ ಬೋಗುಣಿಯ ಕೆಳಗೆ ಬೀಜ ಎಸೆದು, ತಾನೊಬ್ಬಳೇ ಬಗ್ಗಿ ನೋಡಿ, "ಹೌದು" ಎಂದಳು. ಆಮೇಲೆ ಅನುಮಾನದಿಂದ ಕೇಳಿದಳು:

"ಈಗ ನಾ ಬೀಜಕ್ಕ ಹೌದಂದೆನೋ ಗಾಡಿಗೆ ಹೌದಂದೆನೋ, ನಿನಗ ಗೊತ್ತಾತೇನು?"

"ಇಲ್ಲಬೇ. ಗೊತ್ತಾಗಂಗಿಲ್ಲ."

"ಖರೇನ?"

"ಖರೇನ."

"ಹಂಗಾರ ಕುಂದ್ರು, ಚಾ ಕುಡಿ. ಅವತ್ತ ನಿನಗ ನೀರೂ ಕೊಡಲಿಲ್ಲ ನೋಡು" ಎಂದು ಮುದುಕಿ ಒಳಗೆ ಹೋದಳು.

ನಾನೂರರಲ್ಲಿ ಮುನ್ನೂರ ಅರವತ್ತಮೂರು ಹೌದು ಬಂದವು. ಗಾಡಿಗಳೆಲ್ಲ ನಿಜವಾಗಿ ಸತ್ತಿದ್ದರೆ ಬರೀ ಬೀಜದ ದೆಸೆಯಿಂದ ಇನ್ನೂರ ಹದಿನಾರು ಹೌದು ಬರಬೇಕಿತ್ತು. ಅದರ ಮೇಲೆ ಬಂದ ನೂರಾ ನಲವತ್ತೇಳು ಜೀವಂತ ಗಾಡಿಗಳವು. ನಿಜ ಹೇಳುವ ಪಾಳಿ ಬಂದದ್ದು ಸುಮಾರು ನೂರಾ ಎಂಬತ್ತನಾಲ್ಕು ಮನೆಗಳಿಗೆ. ಎಂದರೆ ಸತ್ತ ಗುಬ್ಬಿಗಳಲ್ಲಿ ನೂರಕ್ಕೆ ಎಂಬತ್ತು ಬದುಕಿದ್ದವು. ಪ್ರಮೋದಿನಿ ಇದನ್ನು ಸೂತ್ರಕ್ಕೆ ಊಡಿಸಿದಳು. ಗುಬ್ಬಿಯ ಬಾಳಂಕಿ ಒಂಬತ್ತೂವರೆ. ದೇಶದ ಕುಟುಂಬದ ಕಾರುಗಳಲ್ಲೇ ಎಲ್ಲಕ್ಕಿಂತ ಹೆಚ್ಚು. ಅದನ್ನೇ ಇವರು ಕರಗಿಸಲು ಹೊರಟಿದ್ದರು.

ಮುಧೋಳ ಸಾಹೇಬರು ವರದಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಲೆಕ್ಕ ಬರೋಬರಿ ಐತ್ರಿ. ನಾ ನಂಬತೀನಿ. ಆದ್ರ ಹನ್ನೊಂದನೇ ನಿಯಮ ನೋಡ್ರಿ. ದಾಖಲೆ ತಪ್ಪೈತಿ ಅನ್ನಬೇಕಾದ್ರ ಕಡಿಮಿ ಅಂದ್ರ ಒಂದು ಗಾಡಿ, ನಂಬರ್ ಸಮೇತ, ಇಲ್ಲಿ ಬಂದು ನಿಂದ್ರಬೇಕು, ಗುಂಡಿ ಓದಬೇಕು. ಹುಣಸಿಬೀಜ ಬಂದು ಸಾಕ್ಷಿ ಹೇಳಂಗಿಲ್ಲ."

"ಬಂದ ಗಾಡಿ ಏನಾಗತೈತ್ರಿ?"

"ಕಾಗದ ಬದಲಿಸಿಲ್ಲ. ಜಪ್ತಿ ಆಗತೈತಿ. ಕರಗತೈತಿ." ಅವರು ವರದಿಯನ್ನು ಮಡಚಿ ಮೇಜಿನ ಮೇಲಿಟ್ಟರು. "ನಾನೂರರಾಗ ಒಬ್ಬರ ಹೆಸರು ಹೇಳ್ರಿ, ಬಾಕಿ ನಾ ನೋಡ್ಕೋತೀನಿ."

ಪ್ರಮೋದಿನಿಗೆ ಬಣವಿಯ ಹಿಂದಿನ ಆ ಗಾಡಿ ಕಣ್ಣಿಗೆ ಕಟ್ಟಿತು. ಹೆಸರು ಹೇಳುವುದು ಸುಲಭವಿತ್ತು, ಆದರೆ ಆಕೆ ಮಾತು ಕೊಟ್ಟಿದ್ದಳು. ಹೇಳಬಹುದಾದ ಹೆಸರು ಅವಳ ಹತ್ತಿರ ಒಂದೇ ಒಂದು ಉಳಿದಿತ್ತು, ಅದು ಅವಳದೇ. ಗಾಡಿ ಮಾತ್ರ ಅವಳದಾಗಿರಲಿಲ್ಲ.

ಬುಧವಾರ ಬೆಳಗಿನ ರೈಲಿಗೆ ಅಣ್ಣಿಗೇರಿಗೆ ಹೋದಳು. ಗಿರಿಜಾ ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದಳು. ಆಕೆ ಸುತ್ತಲಿನ ಐದು ಹಳ್ಳಿಗಳಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಬೆಳಿಗ್ಗೆ ಮಕ್ಕಳನ್ನು ಗದಗಿನ ಶಾಲೆಗೆ ಬಿಟ್ಟು, ಹೊಲಿಗೆ ಯಂತ್ರ ಹಿಂದೆ ಹಾಕಿಕೊಂಡು ಹೊರಟರೆ ಸಂಜೆಗೇ ಮನೆ. ಆ ಓಣಿಯಲ್ಲಿ ಕಾರು ಓಡಿಸಲು ಕಲಿತ ಮೊದಲ ಹೆಂಗಸು ಅವಳೇ, ಕಲಿತದ್ದು ಈ ಗುಬ್ಬಿಯ ಮೇಲೆ.

ಪ್ರಮೋದಿನಿ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ಗಿರಿಜಾ ಕೈಯಲ್ಲಿನ ಬಟ್ಟೆ ಹಿಂಡಿದಳು, ಮತ್ತೆ ಅದ್ದಿದಳು, ಮತ್ತೆ ಹಿಂಡಿದಳು.

"ಅಂದ್ರ ನಿನ್ನ ತಪ್ಪಿಗೆ ನನ್ನ ಗಾಡಿ."

"ಹೌದಕ್ಕ."

"ಬ್ಯಾರೆ ಯಾರದೂ ಇಲ್ಲೇನು?"

"ಅದಾವ. ಅವರಿಗೆ ಮಾತು ಕೊಟ್ಟೀನಿ."

"ನನಗೇನು ಕೊಟ್ಟಿ ಮತ್ತ? ಆರು ವರ್ಷ ನಾ ಬಸ್ಸಿಗೆ ಕಾಯಲೇನು, ಹೊಲಿಗಿ ಮಿಷನ್ ತಲಿ ಮ್ಯಾಲ ಹೊತ್ತು? ಸೂತ್ರದಾಗ ತಪ್ಪು ಬರದಾಕಿ ನೀನು. ಇಪ್ಪತ್ತು ವರ್ಷದಿಂದ ಎಲ್ಲಾರಿಗೂ ನನ್ನ ತಂಗಿ ಹಂಗ ನನ್ನ ತಂಗಿ ಹಿಂಗ ಅಂತ ಹೇಳ್ಕೊಂತ ಬಂದೆನಲ್ಲ ನಾನು!"

ಅಕ್ಕ ಹೇಳಿದ್ದರಲ್ಲಿ ಪ್ರಮೋದಿನಿ ತಳ್ಳಿಹಾಕುವಂಥದ್ದು ಒಂದೂ ಇರಲಿಲ್ಲ. "ಒತ್ತಾಯ ಇಲ್ಲ. ಶುಕ್ರವಾರ ನಾಕು ಗಂಟೆಕ್ಕ ಸಹಿ ಐತಿ. ನೀ ಬರದಿದ್ರೂ ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲ" ಎಂದಳು. ಅಕ್ಕ ಊಟಕ್ಕೆ ಏಳು ಅನ್ನಲಿಲ್ಲ. ಹುಟ್ಟಿದಾಗಿನಿಂದ ಅದು ಮೊದಲನೆಯ ಸಲ. ಪ್ರಮೋದಿನಿ ಹಸಿದುಕೊಂಡೇ ರೈಲು ಹತ್ತಿದಳು.

ಶುಕ್ರವಾರ ಎರಡು ಗಂಟೆಯಾದರೂ ಯಾರೂ ಬರಲಿಲ್ಲ. ಎರಡೂವರೆಗೆ ಕೇಂದ್ರದ ಗೇಟಿನ ಹತ್ತಿರ ಹಾರ್ನು ಕೇಳಿಸಿತು. ಬಿಟ್ಟೂಬಿಡದ, ಜಗಳಗಂಟಿ ಹಾರ್ನು. ಪ್ರಮೋದಿನಿ ಕಿಟಕಿಗೆ ಓಡಿದಳು. ಗೇಟಿನ ಕ್ಯಾಮರಾ ನಂಬರು ಓದಿ, ಇಂಥ ಗಾಡಿ ಅಸ್ತಿತ್ವದಲ್ಲಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿತ್ತು, ಬಾಗಿಲು ತೆಗೆಯುತ್ತಿರಲಿಲ್ಲ. ಗಿರಿಜಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಕ್ಯಾಮರಾವನ್ನು ಬಯ್ಯುತ್ತಿದ್ದಳು. ಕೊನೆಗೆ ಕಾವಲುಗಾರ ಕೈಯಿಂದಲೇ ಗೇಟು ನೂಕಿದ.

ಇಳಿದವಳು ತಂಗಿಯ ಮುಖ ನೋಡದೆ ಹೇಳಿದಳು: "ನಮ್ಮ ಓಣ್ಯಾಗ ಏಳು ಗುಬ್ಬಿ ಅದಾವ. ಏಳೂ ಹೋಗೋದು, ಇಲ್ಲಾ ಒಂದು ಹೋಗೋದು. ಇಷ್ಟಕ್ಕ ನಿನ್ನಂಗ ಓದಿರಬೇಕೇನು? ಎರಡು ದಿನ ಸಿಟ್ಟು ಇಳೀಲಿಲ್ಲ, ಅದಕ್ಕ ತಡ ಆತು."

ಓದುಯಂತ್ರದ ಹಲಗೆಯ ಮೇಲೆ ಗಾಡಿ ನಿಂತಿತು. ಗುಂಡಿ ಒಂಬತ್ತು ವರ್ಷದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿತು. ಒಂದು ಲಕ್ಷ ಎಂಬತ್ತು ಸಾವಿರ ಕಿಲೋಮೀಟರು, ದಾರಿಯಲ್ಲಿ ನಿಂತದ್ದು ಶೂನ್ಯ ಸಲ. ಬಾಳಂಕಿ ಹದಿಮೂರು. ಅಷ್ಟು ದೊಡ್ಡ ಅಂಕಿಯನ್ನು ಆ ಪರದೆ ಹಿಂದೆಂದೂ ತೋರಿಸಿರಲಿಲ್ಲ. ಮುಧೋಳ ಸಾಹೇಬರು ನಿಂತಲ್ಲಿಂದಲೇ ಬೆಂಗಳೂರಿಗೆ ಫೋನು ಹಚ್ಚಿದರು. ಮೂರೂ ಮುಕ್ಕಾಲಿಗೆ ಸುದ್ದಿ ಬಂತು. ಗುಬ್ಬಿಯ ಆದೇಶ ರದ್ದು. ಹೂಗಾರ ಸೂತ್ರವನ್ನು ಹಿಂತೆಗೆದುಕೊಂಡಿದೆ, ಹೊಸ ಸೂತ್ರಕ್ಕೆ ಯಾರ ಹೆಸರೂ ಇರುವುದಿಲ್ಲ. ಹೆಸರು ಬದಲಿಸದ ಗಾಡಿಗಳನ್ನು ಇನ್ನು ಆರು ತಿಂಗಳೊಳಗೆ ತಂದು ತೋರಿಸಿದರೆ ಜಪ್ತಿಯಿಲ್ಲ.

"ಇನ್ನು ಅಂದ್ರ?" ಎಂದಳು ಪ್ರಮೋದಿನಿ.

"ಸೋಮವಾರದಿಂದ" ಎಂದರು ಮುಧೋಳ ಸಾಹೇಬರು. ಹೇಳುವಾಗ ಅವರು ಗಿರಿಜಾಳ ಕಡೆ ನೋಡಲಿಲ್ಲ. "ಇವತ್ತ ಬಂದ ಗಾಡಿಗೆ ಇವತ್ತಿನ ನಿಯಮ. ನಾ ಭಾಳ ಕೇಳಿ ನೋಡಿದೆ ತಂಗಿ. ಆಗಲಿಲ್ಲ."

ಗಿರಿಜಾ ತಲೆಯಾಡಿಸಿದಳು. ಗಾಡಿಯಿಂದ ಮಕ್ಕಳ ನೀರಿನ ಬಾಟಲಿ, ಒಂದು ಛತ್ರಿ, ಅತ್ತೆ ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದ ದಿಂಬು ತೆಗೆದು ಚೀಲಕ್ಕೆ ಹಾಕಿಕೊಂಡಳು. ಬಾಗಿಲು ಮೆಲ್ಲಗೆ ಮುಚ್ಚಿದಳು. ಕೀಲಿ ಕೊಟ್ಟು ಸಹಿ ಹಾಕಿದಳು. ಅಂಗಳದ ಚಾಲಕ ಗಾಡಿಯನ್ನು ಹಿಂದಿನ ಶೆಡ್ಡಿಗೆ ಒಯ್ದ. ಅದು ಎಂದಿನಂತೆ ಸದ್ದಿಲ್ಲದೆ ಹೋಯಿತು.

ಇಬ್ಬರೂ ಅಣ್ಣಿಗೇರಿಯ ಬಸ್ಸು ಹತ್ತಿದರು. ಅಕ್ಕನನ್ನು ಒಬ್ಬಳನ್ನೇ ಕಳಿಸಲು ಪ್ರಮೋದಿನಿಗೆ ಮನಸ್ಸಾಗಲಿಲ್ಲ. ಹೆದ್ದಾರಿಗೆ ಬಂದ ಮೇಲೆ, ಮೈತುಂಬ ಮಂದಿ ತುಂಬಿಕೊಂಡು, ತಲೆಯ ಮೇಲೆ ಒಂದು ಹಾಸಿಗೆ ಸುರುಳಿ ಕಟ್ಟಿಕೊಂಡ ಹಸಿರು ಗುಬ್ಬಿಯೊಂದು ಬಸ್ಸನ್ನು ಹಿಂದೆ ಹಾಕಿ ಹೋಯಿತು.

"ಒಂದು" ಎಂದಳು ಗಿರಿಜಾ.

ಸ್ವಲ್ಪ ಮುಂದೆ ಎದುರಿನಿಂದ ಇನ್ನೊಂದು ಬಂತು. ಓಡಿಸುತ್ತಿದ್ದವನ ಪಕ್ಕ ಮಗುವೊಂದು ಕಿಟಕಿಗೆ ಮೂಗು ಒತ್ತಿ ಕೂತಿತ್ತು. "ಎರಡು." ಧಾಬಾದ ಮುಂದೆ ನಿಂತದ್ದು ಮೂರು. ಆ ರಸ್ತೆಯಲ್ಲಿ ಇಷ್ಟೊಂದು ಗುಬ್ಬಿಗಳು ಓಡಾಡುತ್ತವೆಂದು ಪ್ರಮೋದಿನಿ ಎಂದೂ ಗಮನಿಸಿರಲಿಲ್ಲ. ಒಂದೊಂದರಲ್ಲೂ ಒಂದೊಂದು ಮನೆಯವರು, ತಮ್ಮ ಗಾಡಿಗೆ ಏನಾಗುವುದರಲ್ಲಿತ್ತು ಎಂಬುದು ತಿಳಿಯದೆ, ಎಲ್ಲಿಗೋ ಹೊರಟಿದ್ದರು. ಆಕೆಯ ಕಣ್ಣು ತುಂಬಿ ರಸ್ತೆ ಮಸುಕಾಯಿತು. ಹಗುರಾಯಿತೋ ಭಾರವಾಯಿತೋ ಆಕೆಗೇ ತಿಳಿಯಲಿಲ್ಲ, ಎರಡೂ ಆಗಿತ್ತು.

"ಹದಿನಾಕು" ಎಂದಳು ಗಿರಿಜಾ. ತಂಗಿಯ ಕಡೆ ತಿರುಗಿ, ಎರಡು ದಿನದಲ್ಲಿ ಮೊದಲ ಸಲ ನೇರವಾಗಿ ಮುಖ ನೋಡಿದಳು. ಚೀಲದಿಂದ ದಿಂಬು ತೆಗೆದು ಆಕೆಯ ಬೆನ್ನಿಗೆ ಕೊಟ್ಟಳು. "ಅಳಬ್ಯಾಡ. ಎಣಸಾಕ ಪಗಾರ ನಿನಗ, ಎಣಸಾಕಿ ನಾನು. ಮನ್ಯಾಗ ರೊಟ್ಟಿ ಮಾಡಿಟ್ಟು ಬಂದೀನಿ, ಉಂಡೇ ಹೋಗು."

ಪ್ರಮೋದಿನಿ ಕಣ್ಣೊರೆಸಿಕೊಂಡು ಕಿಟಕಿಯಾಚೆ ನೋಡಿದಳು. ಹದಿನೈದನೆಯದನ್ನು ಆಕೆಯೇ ಎಣಿಸಿದಳು.